ಕಲ್ಲಾದ ಮರಗಳ ನಡುವೆ 28 ಮೈಲಿ: ಅರಿಜೋನಾದ ಬಣ್ಣದ ಮರುಭೂಮಿಗೆ ಒಂದು ಮಾರ್ಗದರ್ಶಿ

ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ಪೂರ್ವಕ್ಕೆ ಹೊರಟ ಬಹಳಷ್ಟು ಜನ ಅರಿಜೋನಾದ ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ಕೊಡುವುದಿಲ್ಲ. 40ನೇ ಅಂತರರಾಜ್ಯ ಹೆದ್ದಾರಿಯಿಂದ ಇಳಿದು, ಕಣಿವೆಯ ಅಂಚಿನಲ್ಲಿ ನಿಂತು, ಕೆಂಪು ಗುಡ್ಡಗಳ ಎದುರು ನಾಲ್ಕು ಫೋಟೊ ತೆಗೆಸಿಕೊಂಡು ಮತ್ತೆ ಹೆದ್ದಾರಿ ಹಿಡಿಯುತ್ತಾರೆ. ಆದರೆ ಹೆಸರಿಗೆ ಕಾರಣವಾದ ಕಲ್ಲಾದ ಮರಗಳು ರಾಶಿರಾಶಿಯಾಗಿ ಬಿದ್ದಿರುವುದು ಉದ್ಯಾನದ ದಕ್ಷಿಣ ಭಾಗದಲ್ಲಿ. ಹೆದ್ದಾರಿಯ ಪಕ್ಕದ ಅಂಚಿನಿಂದ ಅವು ಕಾಣುವುದೇ ಇಲ್ಲ. ಎರಡೂ ತುದಿಗಳನ್ನು ಜೋಡಿಸುವ ರಸ್ತೆಯ ಉದ್ದ 28 ಮೈಲಿ, ಅಂದರೆ 45 ಕಿಲೋಮೀಟರ್. ಎಲ್ಲೂ ನಿಲ್ಲಿಸದೆ ಓಡಿಸಿದರೆ ಒಂದು ಗಂಟೆಯೊಳಗೆ ಮುಗಿದುಹೋಗುವ ಈ ದಾರಿಗೆ ಕನಿಷ್ಠ ಅರ್ಧ ದಿನ, ಸಾಧ್ಯವಾದರೆ ಪೂರ್ತಿ ಒಂದು ದಿನ ಎತ್ತಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಿನ ಕಿಟಕಿಯಿಂದ ಕಾಣುವುದು ಇಲ್ಲಿ ಇರುವುದರ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಇಳಿದು ನಡೆದವರಿಗೆ ಸಿಗುತ್ತದೆ.

ಯಾವ ಬಾಗಿಲಿನಿಂದ ಒಳಹೋಗಬೇಕು

ಮೊದಲು ತೀರ್ಮಾನಿಸಬೇಕಾದದ್ದು ಪ್ರವೇಶದ್ವಾರ. ಉತ್ತರದ ಬಾಗಿಲು 40ನೇ ಹೆದ್ದಾರಿಯ 311ನೇ ನಿರ್ಗಮನದಲ್ಲೇ ಇದೆ. ದಕ್ಷಿಣದ ಬಾಗಿಲಿಗೆ ಹೋಲ್‌ಬ್ರೂಕ್ ಎಂಬ ಸಣ್ಣ ಊರಿನಿಂದ ಅಮೆರಿಕದ 180ನೇ ಹೆದ್ದಾರಿಯಲ್ಲಿ ಆಗ್ನೇಯ ದಿಕ್ಕಿಗೆ ಸುಮಾರು 19 ಮೈಲಿ ಹೋಗಬೇಕು. ಫ್ಲ್ಯಾಗ್‌ಸ್ಟಾಫ್ ಅಥವಾ ಫೀನಿಕ್ಸ್ ಕಡೆಯಿಂದ ಬಂದು ನ್ಯೂ ಮೆಕ್ಸಿಕೊದತ್ತ ಹೋಗುವವರು ಹೋಲ್‌ಬ್ರೂಕ್‌ನಲ್ಲಿ ಹೆದ್ದಾರಿ ಬಿಟ್ಟು, ದಕ್ಷಿಣದಿಂದ ಒಳಹೊಕ್ಕು, ಉತ್ತರದಲ್ಲಿ ಹೊರಬಿದ್ದರೆ ಒಂದೇ ದಾರಿಯನ್ನು ಎರಡು ಸಲ ತುಳಿಯುವ ಕಷ್ಟ ತಪ್ಪುತ್ತದೆ. ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಬರುವವರು ಇದನ್ನೇ ತಿರುಗಿಸಿಕೊಳ್ಳಬೇಕು. ಎರಡರಲ್ಲಿ ಯಾವುದನ್ನು ಬೇಕಾದರೂ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದವರಿಗೆ ದಕ್ಷಿಣದಿಂದ ಉತ್ತರಕ್ಕೆ ಹೋಗುವುದೇ ಮೇಲು. ಬೆಳಗಿನ ತಂಪಿನಲ್ಲಿ ಮರಗಳ ನಡುವೆ ನಡೆಯುವುದಾಗುತ್ತದೆ. ಉತ್ತರದ ಕೆಂಪು ಗುಡ್ಡಗಳ ಪ್ರದೇಶವಾದ ಬಣ್ಣದ ಮರುಭೂಮಿಯ ಅಂಚಿಗೆ ಬರುವ ಹೊತ್ತಿಗೆ ಸೂರ್ಯ ಪಶ್ಚಿಮಕ್ಕೆ ವಾಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಚಿಕೊಂಡಿದ್ದ ಗುಡ್ಡಗಳಿಗೆ ನೆರಳು ಬಿದ್ದು ಪದರಗಳು ಒಂದೊಂದಾಗಿ ಎದ್ದು ಕಾಣತೊಡಗುತ್ತವೆ. ಈ ಲೇಖನ ಅದೇ ಕ್ರಮವನ್ನು ಅನುಸರಿಸುತ್ತದೆ.

ಹೊರಡುವ ಹಿಂದಿನ ದಿನ ಮಾಡಿಕೊಳ್ಳಬೇಕಾದ ಕೆಲಸಗಳು ಕೆಲವಿವೆ. ಉದ್ಯಾನ ರಾತ್ರಿ ಮುಚ್ಚಿರುತ್ತದೆ. ಸಾಮಾನ್ಯವಾಗಿ ಬೆಳಿಗ್ಗೆ 8ಕ್ಕೆ ಗೇಟ್ ತೆರೆದು ಸಂಜೆ 5ಕ್ಕೆ ಮುಚ್ಚುತ್ತಾರೆ. ಋತುವಿಗೆ ತಕ್ಕಂತೆ ಇದು ಬದಲಾಗುವುದುಂಟಾದ್ದರಿಂದ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ಆ ವಾರದ ವೇಳೆಯನ್ನೂ ಪ್ರವೇಶ ಶುಲ್ಕವನ್ನೂ ನೋಡಿಕೊಳ್ಳಿ. ಶುಲ್ಕವನ್ನು ತಲೆಗಿಷ್ಟು ಎನ್ನದೆ ಕಾರಿಗಿಷ್ಟು ಎಂದು ಪಡೆಯುತ್ತಾರೆ, ಅದು ಏಳು ದಿನಗಳಿಗೆ ಸಲ್ಲುತ್ತದೆ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೆ ಅದೂ ನಡೆಯುತ್ತದೆ. ಒಳಗೆ ವಸತಿಗೃಹವಿಲ್ಲ, ಕಾರು ನಿಲ್ಲಿಸಿ ಟೆಂಟ್ ಹಾಕುವ ಜಾಗವೂ ಇಲ್ಲ. ಆದ್ದರಿಂದ ಹಿಂದಿನ ರಾತ್ರಿ ಹೋಲ್‌ಬ್ರೂಕ್‌ನಲ್ಲಿ ಉಳಿಯುವುದು ಅನುಕೂಲ, ಇಲ್ಲವಾದರೆ ಫ್ಲ್ಯಾಗ್‌ಸ್ಟಾಫ್‌ನಿಂದ ಬೆಳಗಿನ ಜಾವವೇ ಹೊರಡಬೇಕು. ಅಲ್ಲಿಂದ ಹೋಲ್‌ಬ್ರೂಕ್‌ಗೆ ಸುಮಾರು 90 ಮೈಲಿ. ಪೆಟ್ರೋಲನ್ನು ಹೋಲ್‌ಬ್ರೂಕ್‌ನಲ್ಲೇ ತುಂಬಿಸಿಕೊಳ್ಳಿ. ಭಾರತದಿಂದ ಬಂದು ಬಾಡಿಗೆ ಕಾರು ಓಡಿಸುವವರು ತಮ್ಮ ಲೈಸೆನ್ಸಿನ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಇಟ್ಟುಕೊಂಡಿದ್ದರೆ ಒಳ್ಳೆಯದು.

ಊಟದ ವಿಚಾರ. ಉತ್ತರದ ತುದಿಯ ಸಂದರ್ಶಕರ ಕೇಂದ್ರದಲ್ಲಿ ಒಂದು ಉಪಾಹಾರ ಗೃಹವಿದೆ, ದಕ್ಷಿಣದಲ್ಲಿ ತಿಂಡಿಪೊಟ್ಟಣಗಳಷ್ಟೇ ಸಿಗುತ್ತವೆ. ನಡುವಿನ ಇಪ್ಪತ್ತಕ್ಕೂ ಹೆಚ್ಚು ಮೈಲಿಗಳಲ್ಲಿ ಏನೂ ಇಲ್ಲ. ಸಸ್ಯಾಹಾರಿಗಳಂತೂ ಚಿತ್ರಾನ್ನ, ಮೊಸರನ್ನದ ಡಬ್ಬಿಗಳನ್ನು ಕೂಲರ್‌ನಲ್ಲಿ ಇಟ್ಟುಕೊಂಡೇ ಹೊರಡಬೇಕು. ರೇನ್‌ಬೋ ಫಾರೆಸ್ಟ್ ಮ್ಯೂಸಿಯಂ ಬಳಿಯೂ ಉತ್ತರದ ಚಿಂಡೆ ಪಾಯಿಂಟ್‌ನಲ್ಲೂ ಕುಳಿತು ಉಣ್ಣಲು ಮೇಜುಗಳಿವೆ. ನೀರು ತಲಾ ಎರಡು ಲೀಟರಿಗೆ ಕಡಿಮೆಯಾಗದಂತೆ ಇರಲಿ. ಈ ನೆಲ ಸಮುದ್ರಮಟ್ಟದಿಂದ 5,300 ಅಡಿಗೂ ಎತ್ತರದಲ್ಲಿದೆ, ಗಾಳಿ ಒಣಗಿರುತ್ತದೆ, ಬೆವರು ಬಂದದ್ದೇ ತಿಳಿಯುವುದಿಲ್ಲ. ಊರಿನಿಂದ ಬಂದ ಹಿರಿಯರಿಗೆ ಬಾಯಾರಿಕೆ ಆಗುವ ಮೊದಲೇ ನೀರು ಕುಡಿಸುತ್ತಿರಬೇಕು.

ಇದು ಹೇಗಾಯಿತು ಎಂಬುದನ್ನು ಮೊದಲೇ ತಿಳಿದಿರಿ

ಎದುರಿಗಿರುವುದು ಏನೆಂದು ಗೊತ್ತಿಲ್ಲದೆ ಹೋದರೆ ಹತ್ತು ನಿಮಿಷದಲ್ಲಿ ಎಲ್ಲ ದಿಮ್ಮಿಗಳೂ ಒಂದೇ ಥರ ಕಾಣತೊಡಗುತ್ತವೆ. ಸುಮಾರು 20 ಕೋಟಿ ವರ್ಷಗಳಿಗೂ ಹಿಂದೆ, ಟ್ರಯಾಸಿಕ್ ಕಾಲದ ಕೊನೆಯ ಭಾಗದಲ್ಲಿ, ಖಂಡಗಳೆಲ್ಲ ಪಾಂಜಿಯಾ ಎಂಬ ಒಂದೇ ಭೂರಾಶಿಯಾಗಿ ಕೂಡಿಕೊಂಡಿದ್ದಾಗ, ಈ ಪ್ರದೇಶ ಸಮಭಾಜಕ ವೃತ್ತಕ್ಕೆ ಹತ್ತಿರದಲ್ಲಿತ್ತು. ಇಲ್ಲಿ ನದಿಗಳು ಹರಿಯುತ್ತಿದ್ದವು, ದಡಗಳಲ್ಲಿ ಎತ್ತರದ ಶಂಕುಧಾರಿ ಮರಗಳಿದ್ದವು. ಉರುಳಿದ ಮರಗಳನ್ನು ಪ್ರವಾಹ ಹೊತ್ತು ತಂದು ಹೂಳಿನಡಿ ಮುಚ್ಚಿತು. ಆಮ್ಲಜನಕ ತಲುಪದ ಆ ಕೆಸರಿನಲ್ಲಿ ಮರ ಬೇಗ ಕೊಳೆಯಲಿಲ್ಲ. ಹೂಳಿನ ಜೊತೆ ಜ್ವಾಲಾಮುಖಿಯ ಬೂದಿಯೂ ಬೆರೆತಿತ್ತು. ಅಂತರ್ಜಲ ಆ ಬೂದಿಯಲ್ಲಿದ್ದ ಸಿಲಿಕಾವನ್ನು ಕರಗಿಸಿಕೊಂಡು ಮರದ ಒಳಕ್ಕೆ ಇಳಿಯಿತು, ಮರದ ಅಂಶ ಹೋದ ಜಾಗದಲ್ಲಿ ಸಿಲಿಕಾ ಕೂತು ಕ್ರಮೇಣ ಸ್ಫಟಿಕಶಿಲೆಯಾಯಿತು. ಶುದ್ಧ ಸ್ಫಟಿಕಶಿಲೆ ಬೆಳ್ಳಗಿರುತ್ತದೆ. ಹಳದಿ, ಕೆಂಪು, ಕಂದು ಬಣ್ಣಗಳು ಕಬ್ಬಿಣದ ಆಕ್ಸೈಡುಗಳಿಂದ ಬಂದವು. ನೇರಳೆ ಮತ್ತು ಕಪ್ಪು ಛಾಯೆಗಳು ಮ್ಯಾಂಗನೀಸಿನಿಂದ ಬಂದವು.

ದಿಮ್ಮಿಗಳು ಗರಗಸದಿಂದ ಕೊಯ್ದಂತೆ ಅಚ್ಚುಕಟ್ಟಾಗಿ ತುಂಡಾಗಿರುವುದನ್ನು ನೋಡಿ ಯಾರೋ ಕತ್ತರಿಸಿಟ್ಟಿದ್ದಾರೆ ಎಂದೇ ಹಲವರು ತಿಳಿಯುತ್ತಾರೆ. ಸ್ಫಟಿಕಶಿಲೆ ಗಟ್ಟಿ, ಆದರೆ ಬಾಗುವ ಗುಣ ಅದಕ್ಕಿಲ್ಲ. ಕೊಲರಾಡೊ ಪ್ರಸ್ಥಭೂಮಿ ಮೇಲೇಳತೊಡಗಿದಾಗ ಹೂಳಿನೊಳಗಿದ್ದ ಈ ಉದ್ದನೆಯ ಕಲ್ಲಿನ ಕಂಬಗಳ ಮೇಲೆ ಒತ್ತಡ ಬಿದ್ದು ಅವು ಅಡ್ಡಡ್ಡಲಾಗಿ ಬಿರುಕುಬಿಟ್ಟವು. ಆಮೇಲೆ ಮಳೆ, ಗಾಳಿ ಮೇಲಿನ ಮಣ್ಣನ್ನು ಸವೆಸಿದಾಗ ತುಂಡುಗಳು ಹೊರಬಿದ್ದವು. ಸವೆತ ಇನ್ನೂ ನಡೆಯುತ್ತಲೇ ಇದೆ; ಗುಡ್ಡದ ಬದಿಯಲ್ಲಿ ಅರ್ಧ ಹೂತು, ಅರ್ಧ ಹೊರಚಾಚಿದ ದಿಮ್ಮಿಗಳು ಹಲವೆಡೆ ಕಾಣುತ್ತವೆ.

ದಕ್ಷಿಣದ ಮರಗಳು

ದಕ್ಷಿಣದ ಬಾಗಿಲಿನಿಂದ ಒಳಬಂದ ಕೂಡಲೇ ರೇನ್‌ಬೋ ಫಾರೆಸ್ಟ್ ಮ್ಯೂಸಿಯಂ ಸಿಗುತ್ತದೆ. ಇಲ್ಲಿ ಕಾರು ನಿಲ್ಲಿಸಿ. ಫೈಟೊಸಾರ್ ಎಂಬ, ಮೊಸಳೆಯನ್ನು ಹೋಲುವ ಟ್ರಯಾಸಿಕ್ ಪ್ರಾಣಿಯ ಅಸ್ಥಿಪಂಜರವನ್ನು ನೋಡಿದರೆ ಆ ಕಾಲದ ನದಿಗಳ ಕಲ್ಪನೆ ಸ್ವಲ್ಪ ಸುಲಭವಾಗುತ್ತದೆ. ಮ್ಯೂಸಿಯಂ ಹಿಂದಿನಿಂದ ಹೊರಡುವ ಜೈಂಟ್ ಲಾಗ್ಸ್ ಹಾದಿ ಕೇವಲ 0.4 ಮೈಲಿಯದು, ಮೆಟ್ಟಿಲುಗಳಿರುವುದರಿಂದ ಮಂಡಿನೋವಿನವರು ನಿಧಾನವಾಗಿ ಹೋಗಬೇಕು. ಓಲ್ಡ್ ಫೇಯ್ತ್‌ಫುಲ್ ಎಂಬ ದಿಮ್ಮಿ ಇಲ್ಲಿಯದೇ; ಅದರ ಬುಡ ಸುಮಾರು ಹತ್ತು ಅಡಿ ಅಗಲವಿದೆ, ಪಕ್ಕದಲ್ಲಿ ನಿಂತವರ ತಲೆ ಅದರ ಮೇಲಂಚನ್ನು ಮುಟ್ಟುವುದಿಲ್ಲ.

ಇದೇ ನಿಲುಗಡೆಯಿಂದ ರಸ್ತೆಯ ಆಚೆಗೆ ಲಾಂಗ್ ಲಾಗ್ಸ್ ಮತ್ತು ಅಗೇಟ್ ಹೌಸ್ ಹಾದಿಗಳು ಹೊರಡುತ್ತವೆ. ಎರಡನ್ನೂ ಸೇರಿಸಿದರೆ 2.6 ಮೈಲಿ ಆಗುತ್ತದೆ, ನೆರಳು ಎಲ್ಲಿಯೂ ಇಲ್ಲ. ಪೂರ್ತಿ ದಿನವಿದ್ದವರು ಹೋಗಿಬರಬಹುದು. ಕಲ್ಲಾದ ಮರದ ತುಂಡುಗಳನ್ನೇ ಇಟ್ಟಿಗೆಯಂತೆ ಬಳಸಿ ನೂರಾರು ವರ್ಷಗಳ ಹಿಂದೆ ಇಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೊ ಜನ ಕಟ್ಟಿದ ಪುಟ್ಟ ಮನೆ ಅಗೇಟ್ ಹೌಸ್. 1930ರ ದಶಕದಲ್ಲಿ ಅದರ ಒಂದು ಭಾಗವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದಾರೆ. ಅರ್ಧ ದಿನ ಮಾತ್ರ ಇರುವವರು ಇದನ್ನು ಬಿಟ್ಟು ಮುಂದೆ ಹೋಗಿ. ಉಳಿಸಿದ ಸಮಯ ಮುಂದೆ ಬ್ಲೂ ಮೇಸಾ ಎಂಬ ದಿಬ್ಬದಲ್ಲಿ ಬೇಕಾಗುತ್ತದೆ.

ಸ್ವಲ್ಪ ದೂರದಲ್ಲೇ ಕ್ರಿಸ್ಟಲ್ ಫಾರೆಸ್ಟ್. ಮುಕ್ಕಾಲು ಮೈಲಿಯ ಸುತ್ತುಹಾದಿ ಇದು, ಹೆಚ್ಚು ಏರಿಳಿತವಿಲ್ಲ. ಮರಗಳನ್ನು ಹತ್ತಿರದಿಂದ ನೋಡಲು ಒಂದೇ ಜಾಗ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಹಾದಿಯ ಪಕ್ಕದ ಯಾವುದಾದರೂ ಒಂದು ದಿಮ್ಮಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತು ನಿಧಾನವಾಗಿ ನೋಡಿ. ಹೊರಮೈಯಲ್ಲಿ ತೊಗಟೆಯ ಗೀರುಗಳು, ಕೊಂಬೆ ಮುರಿದ ಗಂಟುಗಳು ಇದ್ದಹಾಗೇ ಇವೆ. ಒಲೆಗೆ ಹಾಕಲು ಒಡೆದಿಟ್ಟ ಸೌದೆ ಎಂದೇ ಕಣ್ಣು ನಂಬುತ್ತದೆ. ತುಂಡಾದ ಮುಖಕ್ಕೆ ಬಂದರೆ ಅಂಚಿನಲ್ಲಿ ಸಾಸಿವೆ ಹಳದಿ, ಒಳಗೆ ಇಟ್ಟಿಗೆ ಕೆಂಪು, ಇನ್ನೂ ಒಳಗೆ ಬೂದುಬಿಳಿ, ನಡುವಿನ ಪೊಳ್ಳಿನಲ್ಲಿ ಬಿಸಿಲಿಗೆ ಮಿಣುಗುವ ಸಣ್ಣ ಹರಳುಗಳು. ಬೆರಳಿಟ್ಟರೆ ಬೆಳಗಿನ ಹೊತ್ತು ತಣ್ಣಗಿರುತ್ತದೆ. ಒಂದು ಘನ ಅಡಿಯ ತುಂಡು ಸುಮಾರು 75 ಕಿಲೋ ತೂಗುತ್ತದೆ ಎಂಬುದು ನೆನಪಿದ್ದರೆ ಬೆಟ್ಟದ ಮೈಯಲ್ಲಿ ಇವು ಜಾರಿ ಬಿದ್ದ ರೀತಿಗೆ ಬೇರೆಯೇ ಅರ್ಥ ಬರುತ್ತದೆ.

ಹರಳುಗಳು ಈಗ ಕಡಿಮೆ ಕಾಣುವುದಕ್ಕೆ ಕಾರಣವಿದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ರೈಲು ಬಂದ ಮೇಲೆ ನೇರಳೆ ಹರಳುಗಳ ಆಸೆಗೆ ದಿಮ್ಮಿಗಳಿಗೆ ಸಿಡಿಮದ್ದಿಟ್ಟು ಒಡೆದರು, ಗಾಡಿಗಟ್ಟಲೆ ಹೊತ್ತೊಯ್ದರು. ಸ್ಥಳೀಯರ ಒತ್ತಾಯದಿಂದ ಕೊನೆಗೆ 1906ರ ಡಿಸೆಂಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಈ ಪ್ರದೇಶವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1962ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಆದ್ದರಿಂದ ಇಲ್ಲಿ ಪಾಲಿಸಬೇಕಾದ ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಉಗುರಿನಷ್ಟು ಚೂರನ್ನೂ ಜೇಬಿಗೆ ಹಾಕಿಕೊಳ್ಳದಿರುವುದು. ಹಾಗೆ ಒಯ್ಯುವುದು ಅಪರಾಧ, ದಂಡ ಬೀಳುತ್ತದೆ. ಜೊತೆಯಲ್ಲಿ ಮಕ್ಕಳಿದ್ದರೆ ಹೊರಬರುವ ಮುನ್ನ ಅವರ ಜೇಬುಗಳನ್ನು ನೀವೇ ನೋಡಿಬಿಡಿ. ಒಯ್ದವರಲ್ಲಿ ಕೆಲವರು ವರ್ಷಗಳ ನಂತರ ತಮಗೆ ಬಂದ ಕಷ್ಟಗಳಿಗೆಲ್ಲ ಈ ಕಲ್ಲೇ ಕಾರಣ ಎಂದು ಕ್ಷಮೆಪತ್ರದ ಜೊತೆ ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಅಂಥ ಪತ್ರಗಳನ್ನು ಉದ್ಯಾನದವರು ಜೋಪಾನವಾಗಿ ಇಟ್ಟಿದ್ದಾರೆ. ಹಾಗೆ ಮರಳಿ ಬಂದ ಕಲ್ಲು ಎಲ್ಲಿಯದು ಎಂದು ತಿಳಿಯದ ಕಾರಣ ಅದನ್ನು ಮೂಲ ಜಾಗದಲ್ಲಿ ಇಡುವಂತಿಲ್ಲ, ಅಂಥವನ್ನೆಲ್ಲ ಒಂದೆಡೆ ಗುಡ್ಡೆ ಹಾಕುತ್ತಾರೆ. ಇನ್ನೊಂದು ಸ್ವಾರಸ್ಯ: ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ಇಲ್ಲಿ ನಡೆಸಿದ ಪ್ರಯೋಗದಲ್ಲಿ, ಬಹಳ ಜನ ಕಲ್ಲು ಕದಿಯುತ್ತಿದ್ದಾರೆ ಎಂದು ಗೋಳಾಡುವ ಫಲಕ ಹಾಕಿದಾಗ ಕಳ್ಳತನ ಕಡಿಮೆಯಾಗುವ ಬದಲು ಹೆಚ್ಚಾಯಿತು. ಎಲ್ಲರೂ ಒಯ್ಯುತ್ತಿದ್ದಾರೆ ಎಂದು ತಿಳಿದ ಮೇಲೆ ನಮ್ಮದೂ ಒಂದು ಇರಲಿ ಎನ್ನುವುದು ಮನುಷ್ಯಸ್ವಭಾವ. ನೆನಪಿಗೆ ಒಂದು ಬೇಕೇಬೇಕು ಎನ್ನುವವರಿಗೆ ಖಾಸಗಿ ಜಮೀನುಗಳಿಂದ ತೆಗೆದ ತುಂಡುಗಳು ಹೋಲ್‌ಬ್ರೂಕ್‌ನ ಅಂಗಡಿಗಳಲ್ಲಿ ಸಿಗುತ್ತವೆ; ರಸೀದಿ ಪಡೆದು ಇಟ್ಟುಕೊಳ್ಳಿ.

ಮುಂದಿನ ಜಾಸ್ಪರ್ ಫಾರೆಸ್ಟ್ ನೋಟಸ್ಥಳದಲ್ಲಿ ಐದು ನಿಮಿಷ ನಿಂತರೆ ಸಾಕು. ಅಗೇಟ್ ಬ್ರಿಜ್‌ನಲ್ಲಿ 110 ಅಡಿ ಉದ್ದದ ಒಂದು ದಿಮ್ಮಿ ಹಳ್ಳದ ಮೇಲೆ ಸೇತುವೆಯಂತೆ ಅಡ್ಡ ಮಲಗಿದೆ. ಅದರ ಕೆಳಗೆ ಕಾಣುವ ಕಾಂಕ್ರೀಟಿನ ಆಸರೆ 1917ರದು. ಈಗಿನ ಕಾಲವಾಗಿದ್ದರೆ ಅದು ತಾನಾಗಿ ಬೀಳುವವರೆಗೂ ಬಿಟ್ಟುಬಿಡುತ್ತಿದ್ದರು.

ಬ್ಲೂ ಮೇಸಾ

ಮುಖ್ಯ ರಸ್ತೆಯಿಂದ ಪೂರ್ವಕ್ಕೆ ಕವಲೊಡೆಯುವ 3.5 ಮೈಲಿಯ ದಾರಿ ಬ್ಲೂ ಮೇಸಾ ಎಂಬ ದಿಬ್ಬದ ಮೇಲಕ್ಕೆ ಕರೆದೊಯ್ಯುತ್ತದೆ. ಈ ಕವಲನ್ನು ತಪ್ಪಿಸಬೇಡಿ. ಮೇಲೆ ಕಾರು ನಿಲ್ಲಿಸಿ ನೋಡುವ ಜಾಗಗಳು ಹಲವಿವೆ, ಆದರೆ ಕೆಳಗಿಳಿಯುವ ಒಂದು ಮೈಲಿಯ ಹಾದಿಯೇ ಇಡೀ ಪ್ರಯಾಣದ ಸಾರ. ಮೊದಲ ಇಳಿಜಾರು ಕಡಿದಾಗಿದೆ. ಹಿಂದಿರುಗುವಾಗ ಅದನ್ನೇ ಹತ್ತಬೇಕು ಎಂಬುದನ್ನು ಇಳಿಯುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹೃದಯದ ತೊಂದರೆ ಇರುವವರು ಮೇಲಿನ ನೋಟಕ್ಕೇ ತೃಪ್ತರಾಗುವುದು ಒಳ್ಳೆಯದು.

ಕೆಳಗೆ ಎರಡೂ ಬದಿಯಲ್ಲಿ ಬೂದುನೀಲಿ, ತಿಳಿನೇರಳೆ, ಬಿಳಿ ಪಟ್ಟೆಗಳ ಗುಡ್ಡಗಳು ಎದ್ದಿವೆ. ಹುಲ್ಲುಕಡ್ಡಿಯೂ ಬೆಳೆಯದ ಆ ಇಳಿಜಾರುಗಳ ಮೈ ಹತ್ತಿರದಿಂದ ನೋಡಿದರೆ ಜೋಳದ ಅರಳು ಹರಡಿದಂತೆ ಉಬ್ಬುಬ್ಬಾಗಿ ಬಿರಿದಿರುತ್ತದೆ. ಜ್ವಾಲಾಮುಖಿಯ ಬೂದಿಯಿಂದ ಹುಟ್ಟಿದ ಬೆಂಟೊನೈಟ್ ಎಂಬ ಜೇಡಿಮಣ್ಣು ಅದು. ಮಳೆ ಬಂದರೆ ನೀರು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಹೀಗೆ ಉಬ್ಬುತ್ತಾ ಕುಗ್ಗುತ್ತಾ ಇರುವ ಮಣ್ಣಿನಲ್ಲಿ ಬೇರುಗಳಿಗೆ ಹಿಡಿತ ಸಿಗುವುದಿಲ್ಲ. ಬರಿಯ ಹೆಜ್ಜೆಗುರುತೂ ಈ ಮಣ್ಣಿನಲ್ಲಿ ಬಹಳ ಕಾಲ ಉಳಿಯುವುದರಿಂದ ಹಾದಿ ಬಿಟ್ಟು ಗುಡ್ಡ ಹತ್ತಬಾರದು. ಮಳೆ ಬಿದ್ದ ಮರುಗಳಿಗೆಯಲ್ಲಿ ಬಣ್ಣಗಳು ಗಾಢವಾಗಿ ಚೆಲುವಾಗಿರುತ್ತವೆ ನಿಜ, ಆದರೆ ಒದ್ದೆ ಬೆಂಟೊನೈಟ್ ಭಯಂಕರವಾಗಿ ಜಾರುತ್ತದೆ.

ಬೆಳಕಿನ ವಿಷಯದಲ್ಲಿ ಒಂದು ರಾಜಿ ಅನಿವಾರ್ಯ. ದಕ್ಷಿಣದಿಂದ ಹೊರಟರೆ ಬ್ಲೂ ಮೇಸಾ ತಲುಪುವಾಗ ನಡುಹಗಲಾಗುವ ಸಂಭವವೇ ಹೆಚ್ಚು, ಆ ಹೊತ್ತಿನಲ್ಲಿ ನೀಲಿ ಬಣ್ಣ ಸುಣ್ಣ ಬಳಿದಂತೆ ಮಂಕಾಗುತ್ತದೆ. ಗೇಟ್ ತೆರೆಯುವ ಹೊತ್ತಿಗೇ ಒಳಗೆ ಬಂದು, ಮ್ಯೂಸಿಯಮ್ಮನ್ನೂ ಕ್ರಿಸ್ಟಲ್ ಫಾರೆಸ್ಟನ್ನೂ ಮಾತ್ರ ನೋಡಿಕೊಂಡು ಹತ್ತೂವರೆಯೊಳಗೆ ಇಲ್ಲಿಗೆ ಬಂದರೆ ನೆರಳು ಇನ್ನೂ ಉಳಿದಿರುತ್ತದೆ. ಬೇಸಿಗೆಯಲ್ಲಿ ಬಿಸಿಲಿನ ದೃಷ್ಟಿಯಿಂದಲೂ ಇದೇ ಸರಿ.

ಬಂಡೆಯ ಮೇಲಿನ ಗೀಚು, ಹೆದ್ದಾರಿಯ ಆಚೆ

ಬ್ಲೂ ಮೇಸಾದಿಂದ ಇಳಿದು ಉತ್ತರಕ್ಕೆ ಹೊರಟರೆ ಶಂಕುವಿನಾಕಾರದ ಟೀಪೀಸ್ ಗುಡ್ಡಗಳು ರಸ್ತೆಯ ಪಕ್ಕದಲ್ಲೇ ಕಾಣುತ್ತವೆ. ಅನಂತರ ನ್ಯೂಸ್‌ಪೇಪರ್ ರಾಕ್. ಕಾಲಕ್ರಮೇಣ ಕಪ್ಪುಗಟ್ಟಿದ ಬಂಡೆಯ ಮೇಲ್ಪದರವನ್ನು ಕುಟ್ಟಿ ಕೆತ್ತಿದ 650ಕ್ಕೂ ಹೆಚ್ಚು ಚಿತ್ರಗಳು ಇಲ್ಲಿವೆ. ಬಂಡೆಯ ಬಳಿಗೆ ಬಿಡುವುದಿಲ್ಲ, ಮೇಲಿನಿಂದ ದೂರದರ್ಶಕದಲ್ಲಿ ನೋಡಬೇಕು. ಸ್ವಂತ ಬೈನಾಕ್ಯುಲರ್ ಇದ್ದರೆ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ.

ಚಿತ್ರಗಳನ್ನು ಹತ್ತಿರದಿಂದ ನೋಡಬೇಕೆನ್ನುವವರಿಗೆ ಪ್ವೆರ್ಕೊ ಪ್ವೆಬ್ಲೊ ಹೆಚ್ಚು ಹಿಡಿಸುತ್ತದೆ. ನೂರಕ್ಕೂ ಹೆಚ್ಚು ಕೋಣೆಗಳಿದ್ದ ಈ ಹಳ್ಳಿಯಲ್ಲಿ 13 ಮತ್ತು 14ನೇ ಶತಮಾನಗಳಲ್ಲಿ ಜನ ವಾಸಿಸಿದ್ದರು. ಈಗ ಉಳಿದಿರುವುದು ಗೋಡೆಗಳ ತಳಪಾಯ ಮಾತ್ರ. 0.3 ಮೈಲಿಯ ಹಾದಿ ಸಮತಟ್ಟಾಗಿದ್ದು ಹಿರಿಯರಿಗೂ ಸುಲಭ. ಹಾದಿಯ ಪಕ್ಕದ ಒಂದು ಬಂಡೆಯ ಮೇಲೆ ಸಣ್ಣದೊಂದು ಸುರುಳಿ ಕೆತ್ತಿದ್ದಾರೆ. ಜೂನ್ ತಿಂಗಳಲ್ಲಿ ಉತ್ತರಾಯಣದ ಕೊನೆಯ ದಿನಗಳ ಬೆಳಿಗ್ಗೆ ಬಿಸಿಲಿನ ಕಿರಣವೊಂದು ಬಂಡೆಯ ಬಿರುಕಿನ ಮೂಲಕ ಇಳಿದು ಆ ಸುರುಳಿಯ ನಡುವನ್ನು ಮುಟ್ಟುತ್ತದೆ. ಆ ವಾರಗಳಲ್ಲಿ ಹೋಗುವವರು ದಿಕ್ಕಿನ ವಿಚಾರ ಬಿಟ್ಟು ಬೆಳಿಗ್ಗೆ ಮೊದಲು ಇಲ್ಲಿಗೇ ಬರುವುದು ಸರಿ.

ಇಲ್ಲಿಂದ ರಸ್ತೆ ರೈಲುಹಳಿಯನ್ನೂ ನಂತರ 40ನೇ ಹೆದ್ದಾರಿಯನ್ನೂ ಮೇಲಿನಿಂದ ದಾಟುತ್ತದೆ. ದಾರಿತೋರಿಸುವ ಆ್ಯಪ್ ಇಲ್ಲಿ ಹೆದ್ದಾರಿಗೆ ಇಳಿಯಬಹುದೆಂಬ ಭ್ರಮೆ ಹುಟ್ಟಿಸಿದರೂ ಇಳಿಯಲು ದಾರಿಯಿಲ್ಲ. ದಾಟಿದ ತಕ್ಷಣ 1932ರ ಸ್ಟುಡಿಬೇಕರ್ ಕಾರಿನ ತುಕ್ಕುಹಿಡಿದ ಒಡಲು ಕಾಣುತ್ತದೆ. ಅದರ ಹಿಂದೆ ಸಾಲಾಗಿ ನಿಂತ ಹಳೆಯ ಟೆಲಿಫೋನ್ ಕಂಬಗಳು ಹಿಂದೊಮ್ಮೆ ರೂಟ್ 66 ಎಂಬ ಹಳೆಯ ಹೆದ್ದಾರಿ ಹಾದುಹೋಗಿದ್ದ ಗುರುತು. ಆ ಪ್ರಸಿದ್ಧ ರಸ್ತೆಯ ಒಂದು ತುಣುಕನ್ನು ಒಳಗಿಟ್ಟುಕೊಂಡ ಅಮೆರಿಕದ ಏಕೈಕ ರಾಷ್ಟ್ರೀಯ ಉದ್ಯಾನ ಇದು.

ಬಣ್ಣದ ಮರುಭೂಮಿಯ ಅಂಚು

ಕೊನೆಯ ಭಾಗದಲ್ಲಿ ಒಂದರ ಹಿಂದೆ ಒಂದು ನೋಟಸ್ಥಳಗಳು ಬರುತ್ತವೆ: ಲೇಸಿ, ವಿಪ್ಪಲ್, ನಿಜೋನಿ, ಪಿಂಟಾಡೊ, ಚಿಂಡೆ, ಕಚೀನಾ, ಟಾವಾ, ಟಿಪೋನಿ. ಎಲ್ಲದರಲ್ಲೂ ನಿಲ್ಲಬೇಕಿಲ್ಲ. ವಿಶಾಲ ನೋಟಕ್ಕೆ ಪಿಂಟಾಡೊ ಒಂದನ್ನು ನೋಡಿ, ಕಚೀನಾ ಪಾಯಿಂಟ್‌ನಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಟಾವಾ ಪಾಯಿಂಟ್‌ವರೆಗೆ ಅಂಚಿನುದ್ದಕ್ಕೂ ಇರುವ ಹಾದಿಯಲ್ಲಿ ನಡೆದು ಮರಳಿದರೆ ಒಂದು ಮೈಲಿಯಾಗುತ್ತದೆ. ಕಾರಿನಲ್ಲಿ ಎಂಟು ಕಡೆ ಹತ್ತಿಳಿಯುವುದಕ್ಕಿಂತ ಇದು ಎಷ್ಟೋ ಮೇಲು. ನೀವು ನಿಂತಿರುವ ಅಂಚು ಇತ್ತೀಚಿನ, ಅಂದರೆ ಭೂವಿಜ್ಞಾನದ ಲೆಕ್ಕದಲ್ಲಿ ಇತ್ತೀಚಿನ, ಜ್ವಾಲಾಮುಖಿಯ ಕಪ್ಪು ಕಲ್ಲು; ಕೆಳಗೆ ಹರಡಿರುವ ಇಟ್ಟಿಗೆ ಕೆಂಪು, ಗುಲಾಬಿ, ಕಿತ್ತಳೆ ಪದರಗಳು ಟ್ರಯಾಸಿಕ್ ಕಾಲದವು, ಕಬ್ಬಿಣ ತುಕ್ಕುಹಿಡಿದು ಬಂದ ಬಣ್ಣ ಅವುಗಳದು. ಚಿಂಡೆಸಾರಸ್ ಎಂಬ ಆದಿಕಾಲದ ಡೈನೊಸಾರಿನ ಮೂಳೆಗಳು 1980ರ ದಶಕದಲ್ಲಿ ಸಿಕ್ಕಿದ್ದು ಇದೇ ಪ್ರದೇಶದಲ್ಲಿ, ಚಿಂಡೆ ಪಾಯಿಂಟ್‌ಗೆ ಹತ್ತಿರದಲ್ಲಿ.

ಕಚೀನಾ ಪಾಯಿಂಟ್‌ನಲ್ಲೇ ಪೇಂಟೆಡ್ ಡೆಸರ್ಟ್ ಇನ್ ಇದೆ. ಹಿಂದೆ ಪ್ರಯಾಣಿಕರ ತಂಗುದಾಣವಾಗಿದ್ದ ಈ ಕಟ್ಟಡವನ್ನು 1930ರ ದಶಕದ ಕೊನೆಯಲ್ಲಿ ಮಣ್ಣಿನ ಮನೆಯ ಶೈಲಿಯಲ್ಲಿ ಮರುನಿರ್ಮಿಸಿದರು. ಒಳಗಿನ ಭಿತ್ತಿಚಿತ್ರಗಳು ಹೋಪಿ ಎಂಬ ಮೂಲನಿವಾಸಿ ಜನಾಂಗದ ಕಲಾವಿದ ಫ್ರೆಡ್ ಕಬೋಟಿ ಅವರು 1940ರ ದಶಕದ ಕೊನೆಯಲ್ಲಿ ಬರೆದವು. ಗೇಟ್ ಮುಚ್ಚುವುದಕ್ಕೂ ಮುನ್ನವೇ ಇದರ ಬಾಗಿಲು ಹಾಕಿಬಿಡುತ್ತಾರಾದ್ದರಿಂದ ನಡಿಗೆಗೆ ಮೊದಲೇ ಒಳಗೆ ಹೋಗಿಬನ್ನಿ.

ಯಾವ ತಿಂಗಳು

ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳು ನಡಿಗೆಗೆ ಹಿತ. ವಸಂತದಲ್ಲಿ ಗಾಳಿ ಜೋರು, ಟೋಪಿಗೆ ದಾರವಿರಲಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಹೊತ್ತು ಗುಡುಗುಮಳೆ ಬರುವುದುಂಟು. ಅಂಚಿನ ಹಾದಿಯಲ್ಲಾಗಲಿ ಬ್ಲೂ ಮೇಸಾದ ಮೇಲಾಗಲಿ ಮಿಂಚು ಕಂಡರೆ ತಡಮಾಡದೆ ಕಾರಿಗೆ ಮರಳಬೇಕು. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಕೆಂಪು ಗುಡ್ಡಗಳ ಮೇಲೆ ತೆಳ್ಳಗೆ ಕುಳಿತ ಹಿಮ ನೋಡಲು ಅಪರೂಪ, ಆದರೆ ಹಗಲು ಚಿಕ್ಕದು. ಡ್ರೋನ್ ಹಾರಿಸುವುದಕ್ಕೆ ಯಾವ ಕಾಲದಲ್ಲೂ ಅನುಮತಿಯಿಲ್ಲ.

ಅಮೆರಿಕದವರೆಗೆ ಹೋಗದ ಕನ್ನಡ ಓದುಗರು ಕಲ್ಲಾದ ಮರಗಳನ್ನು ನೋಡಬೇಕೆಂದಿದ್ದರೆ ತಮಿಳುನಾಡಿನ ತಿರುವಕ್ಕರೈಯಲ್ಲೂ, ರಾಜಸ್ಥಾನದ ಜೈಸಲ್ಮೇರ್ ಬಳಿಯ ಆಕಲ್‌ನಲ್ಲೂ ಸಂರಕ್ಷಿತ ಉದ್ಯಾನಗಳಿವೆ. ವಿಸ್ತಾರದಲ್ಲೂ ಬಣ್ಣದಲ್ಲೂ ಅರಿಜೋನಾದ್ದಕ್ಕೆ ಅವು ಸಾಟಿಯಲ್ಲ. ಬೆಂಗಳೂರಿನಿಂದ ತಿರುವಕ್ಕರೈ ಮಾತ್ರ ಒಂದು ದಿನದ ಕಾರಿನ ದಾರಿ.

ಕೊನೆಯದಾಗಿ ಗಡಿಯಾರದ ವಿಷಯ. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವುದಿಲ್ಲ, ಪಕ್ಕದ ನವಾಹೊ ಮೂಲನಿವಾಸಿಗಳ ನೆಲದಲ್ಲೂ ನ್ಯೂ ಮೆಕ್ಸಿಕೊದಲ್ಲೂ ತಿರುಗಿಸುತ್ತಾರೆ. ಉದ್ಯಾನ ನಡೆಯುವುದು ಅರಿಜೋನಾದ ಗಂಟೆಯಂತೆ. ಸುತ್ತಲಿನ ಟವರುಗಳ ಸಿಗ್ನಲ್ ಹಿಡಿದು ಫೋನು ತನ್ನಷ್ಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಜಿಗಿಯಬಹುದಾದ್ದರಿಂದ, ಗೇಟ್ ಮುಚ್ಚುವ ವೇಳೆಯನ್ನು ಕೈಗಡಿಯಾರದಲ್ಲಿ ನೋಡಿಕೊಳ್ಳುವುದೇ ಸುರಕ್ಷಿತ. 311ನೇ ನಿರ್ಗಮನದಲ್ಲಿ ಹೆದ್ದಾರಿ ಸೇರಿ ಪೂರ್ವಕ್ಕೆ ನ್ಯೂ ಮೆಕ್ಸಿಕೊದ ಗ್ಯಾಲಪ್ ಕಡೆ ಹೋಗುವವರು, ಬೇಸಿಗೆಯಲ್ಲಾದರೆ ಹೋಟೆಲಿನವರಿಗೆ ಬರುವ ಹೊತ್ತು ತಿಳಿಸುವಾಗ ಒಂದು ಗಂಟೆ ಸೇರಿಸಿ ಹೇಳಬೇಕು.